ಪರದೇಶದಲ್ಲಿ ವೈದ್ಯಕೀಯ ಓದು ಮತ್ತು ಕ್ರೈಸ್ತ ವಿಶ್ವಾಸ: ಓದುಗರ ಪ್ರಶ್ನೆಗಳಿಗೆ ಉತ್ತರ

ಹೊರದೇಶಗಳಲ್ಲಿ ವೈದ್ಯಕೀಯ ಓದುತ್ತಿರುವ ಕ್ರೈಸ್ತ ವಿದ್ಯಾರ್ಥಿಗಳಿಂದ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಕೆಲವು ಪ್ರಶ್ನೆಗಳು ಬೇರೆ ಬೇರೆ ಮಾತುಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡಿದ್ದರಿಂದ, ಅವನ್ನು ಈ ಬಾರಿ ಒಟ್ಟಿಗೆ ಎತ್ತಿಕೊಂಡಿದ್ದೇನೆ. ಬರೆದವರಲ್ಲಿ ಕಥೋಲಿಕರೂ ಇದ್ದಾರೆ, ಪ್ರಾಟೆಸ್ಟೆಂಟರೂ ಇದ್ದಾರೆ. ನಾನು ಉತ್ತರಿಸುತ್ತಿರುವುದು ವೈದ್ಯಕೀಯ ವಿದ್ಯಾರ್ಥಿಗಳಿಗೆ ಪಾಠ ಹೇಳಿದವನಾಗಿಯೇ ಹೊರತು ಧರ್ಮಗುರುವಾಗಿ ಅಲ್ಲ. ಸಂಸ್ಕಾರಗಳ ವಿಷಯದಲ್ಲಿ ಕೊನೆಯ ಮಾತು ನಿಮ್ಮ ನಿಮ್ಮ ಸಭೆಯ ಗುರುಗಳದು.

ಪ್ರಶ್ನೆ: ನಾನಿರುವ ದೇಶದಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರ. ಭಾನುವಾರ ಬೆಳಿಗ್ಗೆ ವಾರ್ಡಿನಲ್ಲಿ ಹಾಜರಿ ಕಡ್ಡಾಯ. ಈ ಸೆಮಿಸ್ಟರ್ ಆರಂಭವಾದಂದಿನಿಂದ ಭಾನುವಾರದ ಆರಾಧನೆಗೆ ಹೋಗಲು ಆಗಿಲ್ಲ. ಕರ್ತನ ದಿನವನ್ನು ಕಡೆಗಣಿಸುತ್ತಿದ್ದೇನೆ ಎಂಬ ಅಳುಕು ಬಿಡುತ್ತಿಲ್ಲ. — ಮೂರನೆಯ ವರ್ಷದ ವಿದ್ಯಾರ್ಥಿನಿ

ಉತ್ತರ: ನಿಮ್ಮ ಅಳುಕು ಅರ್ಥವಾಗುತ್ತದೆ, ಆದರೆ ಇತಿಹಾಸ ನಿಮ್ಮ ಪಕ್ಷದಲ್ಲಿದೆ. ರೋಮನ್ ಸಾಮ್ರಾಟ ಕಾನ್‌ಸ್ಟಂಟೈನ್ ಭಾನುವಾರವನ್ನು ವಿರಾಮದ ದಿನವೆಂದು ಘೋಷಿಸಿದ್ದು 321ರಲ್ಲಿ. ಅದಕ್ಕೆ ಮುಂಚಿನ ಸುಮಾರು ಮೂರು ಶತಮಾನಗಳ ಕಾಲ ಭಾನುವಾರವೆಂಬುದು ಕ್ರೈಸ್ತರಿಗೆ ದುಡಿಮೆಯ ದಿನವೇ ಆಗಿತ್ತು. ಸುಮಾರು 112ರಲ್ಲಿ ರೋಮನ್ ರಾಜ್ಯಪಾಲ ಪ್ಲಿನಿ ತನ್ನ ಸಾಮ್ರಾಟನಿಗೆ ಬರೆದ ಪತ್ರದಲ್ಲಿ, ಕ್ರೈಸ್ತರು ಒಂದು ಗೊತ್ತಾದ ದಿನ ಬೆಳಕು ಹರಿಯುವ ಮುನ್ನವೇ ಕೂಡಿ ಕ್ರಿಸ್ತನನ್ನು ಸ್ತುತಿಸುತ್ತಾರೆಂದು ವರದಿ ಮಾಡಿದ್ದಾನೆ. ಸೂರ್ಯೋದಯವಾದ ಮೇಲೆ ಅವರೆಲ್ಲ ತಮ್ಮ ತಮ್ಮ ಕೆಲಸಕ್ಕೆ ಹೋಗಬೇಕಿತ್ತು ಎಂಬುದನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ.

ಇಂದಿಗೂ ಭಾನುವಾರ ರಜೆಯಿಲ್ಲದ ನಾಡುಗಳ ಸಭೆಗಳು ಇದಕ್ಕೆ ದಾರಿ ಕಂಡುಕೊಂಡಿವೆ. ಬಾಂಗ್ಲಾದೇಶದಲ್ಲೂ ಕೊಲ್ಲಿ ದೇಶಗಳಲ್ಲೂ ಅನೇಕ ಸಭೆಗಳು ಶುಕ್ರವಾರ ಕೂಡುತ್ತವೆ. ನೇಪಾಳದ ಸಭೆಗಳು ಬಹುಕಾಲದಿಂದ ಶನಿವಾರ ಆರಾಧಿಸುತ್ತ ಬಂದಿವೆ. ನೀವು ಕಥೋಲಿಕರಾಗಿದ್ದರೆ, ಶನಿವಾರ ಸಂಜೆಯ ಬಲಿಪೂಜೆಯಲ್ಲಿ ಭಾಗವಹಿಸಿದರೂ ಭಾನುವಾರದ ಕರ್ತವ್ಯ ಸಲ್ಲುತ್ತದೆಂದು ಧರ್ಮಸಭೆಯ ಕಾನೂನೇ ಹೇಳುತ್ತದೆ. ಯೆಹೂದ್ಯರ ವಿಶ್ರಾಂತಿಯ ದಿನವಾದ ಸಬ್ಬತ್ತಿನಲ್ಲಿ ರೋಗಿಯನ್ನು ವಾಸಿಮಾಡಿದ್ದಕ್ಕಾಗಿ ಯೇಸು ಸ್ವಾಮಿಯೇ ಟೀಕೆ ಎದುರಿಸಿದರು ಎಂಬುದನ್ನು ವಾರ್ಡಿನಲ್ಲಿ ನಿಂತಿರುವ ನೀವು ಮರೆಯಬೇಕಾಗಿಲ್ಲ.

ನನಗೆ ಮುಖ್ಯವಾಗಿ ಕಾಣುವುದು ದಿನದ ಹೆಸರಲ್ಲ, ವಾರಕ್ಕೊಮ್ಮೆ ನಾಲ್ಕು ಜನರ ನಡುವೆ ನೀವು ಹಾಜರಿರುವುದು. ಮೊಬೈಲಿನಲ್ಲಿ ಊರಿನ ಆರಾಧನೆಯನ್ನು ನೋಡುವುದು ರಾತ್ರಿ ಪಾಳಿಯ ವಾರದಲ್ಲಿ ಉಪಯೋಗಕ್ಕೆ ಬರುತ್ತದೆ, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ನೀವು ಬಡಕಲಾಗಿದ್ದೀರಿ, ಎರಡು ವಾರದಿಂದ ಮಾತೇ ಆಡುತ್ತಿಲ್ಲ ಎಂಬುದು ಪರದೆಯ ಆಚೆ ಇರುವ ಯಾರ ಗಮನಕ್ಕೂ ಬರುವುದಿಲ್ಲ. ಇನ್ನೊಂದು ಮಾತು: ಆರಾಧನೆಗಾಗಿ ಸಹಪಾಠಿಯೊಡನೆ ಪಾಳಿ ಬದಲಿಸಿಕೊಂಡರೆ, ಅವರ ಹಬ್ಬದ ದಿನ ಅವರ ಪಾಳಿಯನ್ನು ಕೇಳುವ ಮುನ್ನವೇ ನೀವು ವಹಿಸಿಕೊಳ್ಳಿ. ಸಾಲ ಉಳಿಸಿಕೊಂಡ ಭಕ್ತಿಯನ್ನು ಸಹಪಾಠಿಗಳು ಬೇಗನೆ ಗುರುತಿಸುತ್ತಾರೆ.

ಪ್ರಶ್ನೆ: ಇಲ್ಲಿ ಎಲ್ಲೆಲ್ಲೂ ಆರ್ಥೊಡಾಕ್ಸ್ ಚರ್ಚುಗಳೇ. ಭಾಷೆ ತಿಳಿಯುವುದಿಲ್ಲ, ಕುಳಿತುಕೊಳ್ಳಲು ಬೆಂಚುಗಳೂ ಇಲ್ಲ, ಹಬ್ಬಗಳ ತಾರೀಖುಗಳೂ ಬೇರೆ. ನಾನು ಅಲ್ಲಿ ಹೋಗಬಹುದೇ? ಪರಮಪ್ರಸಾದ ಸ್ವೀಕರಿಸಬಹುದೇ? — ಎರಡನೆಯ ವರ್ಷದ ವಿದ್ಯಾರ್ಥಿ

ಉತ್ತರ: ಹೋಗಬಹುದು, ಹೋಗಲೇಬೇಕು ಎಂದೂ ಹೇಳುತ್ತೇನೆ. ಆದರೆ ಪರಮಪ್ರಸಾದಕ್ಕೆ ಸಾಲಿನಲ್ಲಿ ನಿಲ್ಲಬೇಡಿ. ಆರ್ಥೊಡಾಕ್ಸ್ ಸಭೆಗಳು ತಮ್ಮ ಸದಸ್ಯರಲ್ಲದವರಿಗೆ ಅದನ್ನು ನೀಡುವುದಿಲ್ಲ. ತಮ್ಮ ಗುರುಗಳು ಸಿಗದ ಕಡೆ, ನಿಜವಾದ ಅಗತ್ಯವಿದ್ದಾಗ, ಆರ್ಥೊಡಾಕ್ಸ್‌ನಂಥ ಪೂರ್ವ ಸಭೆಗಳ ಗುರುಗಳಿಂದ ಸಂಸ್ಕಾರ ಸ್ವೀಕರಿಸಲು ಕಥೋಲಿಕ ಕಾನೂನು ಕಥೋಲಿಕರಿಗೆ ಅವಕಾಶ ಕೊಡುತ್ತದೆ ಎಂಬುದು ನಿಜ; ಆದರೆ ಕೊಡುವವರ ನಿಯಮ ಅದನ್ನು ಒಪ್ಪದಿರುವಾಗ, ಅತಿಥಿಯಾಗಿ ಹೋದವರು ಮನೆಯವರ ನಿಯಮವನ್ನು ಗೌರವಿಸುವುದೇ ಸರಿ. ಆರಾಧನೆಯ ಕೊನೆಯಲ್ಲಿ ಆಶೀರ್ವದಿಸಿದ ರೊಟ್ಟಿಯ ತುಣುಕುಗಳನ್ನು ಹಂಚುವ ವಾಡಿಕೆ ಅವರಲ್ಲಿದೆ. ಅದು ಪರಮಪ್ರಸಾದವಲ್ಲ; ಕೊಟ್ಟರೆ ಸಂಕೋಚವಿಲ್ಲದೆ ತೆಗೆದುಕೊಳ್ಳಬಹುದು.

ತಾರೀಖುಗಳ ಗೊಂದಲಕ್ಕೆ ಕಾರಣ ಪಂಚಾಂಗ. ರಷ್ಯಾ, ಜಾರ್ಜಿಯಾ, ಸೆರ್ಬಿಯಾದ ಆರ್ಥೊಡಾಕ್ಸ್ ಸಭೆಗಳು ಹಳೆಯ ಜೂಲಿಯನ್ ಪಂಚಾಂಗವನ್ನೇ ಉಳಿಸಿಕೊಂಡಿವೆ. ಅದು ಈಗ ನಮ್ಮ ಕ್ಯಾಲೆಂಡರಿಗಿಂತ 13 ದಿನ ಹಿಂದಿರುವುದರಿಂದ, ಅವರ ಡಿಸೆಂಬರ್ 25 ನಮ್ಮ ಜನವರಿ 7ಕ್ಕೆ ಬರುತ್ತದೆ. ರುಮೇನಿಯಾ, ಬಲ್ಗೇರಿಯಾಗಳ ಸಭೆಗಳು ಕ್ರಿಸ್ಮಸ್ಸನ್ನು ನಮ್ಮಂತೆ ಡಿಸೆಂಬರ್ 25ಕ್ಕೇ ಆಚರಿಸಿದರೂ ಈಸ್ಟರಿಗೆ ಮಾತ್ರ ಹಳೆಯ ಲೆಕ್ಕವನ್ನು ಅನುಸರಿಸುತ್ತವೆ. 2024ರಲ್ಲಿ ನಮ್ಮ ಈಸ್ಟರ್ ಮಾರ್ಚ್ 31ಕ್ಕೂ ಅವರದು ಮೇ 5ಕ್ಕೂ ಬಂತು. 2025ರಲ್ಲಿ ಎರಡೂ ಏಪ್ರಿಲ್ 20ರಂದೇ ಕೂಡಿಬಂದವು. ಆದ್ದರಿಂದ ನಿಮ್ಮ ಶುಭಶುಕ್ರವಾರದಂದು ಪರೀಕ್ಷೆ ಇಟ್ಟರೆ ಅದನ್ನು ಅವಮಾನವೆಂದು ತಿಳಿಯಬೇಡಿ. ವರ್ಷದ ಆರಂಭದಲ್ಲೇ ನಿಮ್ಮ ಹಬ್ಬದ ದಿನಗಳನ್ನು ಬರೆದು ಡೀನ್ ಕಚೇರಿಗೆ ಕೊಟ್ಟರೆ, ಕಡೆಯ ವಾರದ ಅರ್ಜಿಗಿಂತ ಅದಕ್ಕೆ ಹೆಚ್ಚು ಬೆಲೆ ಇರುತ್ತದೆ.

ಭಾಷೆಯ ವಿಷಯ. ರಷ್ಯಾದ ಚರ್ಚುಗಳಲ್ಲಿ ಬಳಸುವ ಹಳೆಯ ಸ್ಲಾವೊನಿಕ್ ಭಾಷೆ ಅಲ್ಲಿನ ಜನಸಾಮಾನ್ಯರಿಗೂ ಪೂರ್ತಿ ಅರ್ಥವಾಗುವುದಿಲ್ಲವೆಂಬುದು ನಿಮಗೆ ಸಮಾಧಾನ ತರಬಹುದು. ಆರಾಧನೆಯ ಚೌಕಟ್ಟು ನಿಮಗೆ ಗೊತ್ತಿರುವುದೇ: ವಾಚನಗಳು, ಸುವಾರ್ತೆ, ವಿಶ್ವಾಸಪ್ರಮಾಣ, ಕರ್ತನು ಕಲಿಸಿದ ಪ್ರಾರ್ಥನೆ. ಆ ಕೊನೆಯದನ್ನು ಸ್ಥಳೀಯ ಭಾಷೆಯಲ್ಲಿ ಬಾಯಿಪಾಠ ಮಾಡಿ. ಮೂರನೆಯ ವರ್ಷದಿಂದ ನೀವು ರೋಗಿಯ ಬಾಯಿಂದಲೇ ರೋಗದ ಕಥೆ ಕೇಳಿ ಬರೆಯಬೇಕಾಗುತ್ತದೆ. ನಿಮ್ಮ ತರಗತಿ ಇಂಗ್ಲಿಷಿನಲ್ಲಿ ನಡೆದರೂ ಅಲ್ಲಿನ ಅಜ್ಜಿಯ ಎದೆನೋವು ಇಂಗ್ಲಿಷಿನಲ್ಲಿ ಬರುವುದಿಲ್ಲ. ವಯಸ್ಸಾದವರು ನಿಧಾನವಾಗಿ, ಒಂದೇ ಮಾತನ್ನು ಎರಡು ಸಲ ಹೇಳುತ್ತ ಮಾತನಾಡುವುದನ್ನು ಕೇಳಲು ಹಾಸ್ಟೆಲಿನಲ್ಲಿ ಅವಕಾಶವಿಲ್ಲ, ಚರ್ಚಿನ ಅಂಗಳದಲ್ಲಿದೆ. ನಿಮ್ಮ ಸ್ವಂತ ಸಭೆಯ ಸಣ್ಣ ಗುಂಪು ಆ ನಗರದಲ್ಲಿದ್ದರೆ ಅದನ್ನೂ ಹುಡುಕಿ ಸೇರಿ. ಆದರೆ ಸ್ವದೇಶಿ ಗೆಳೆಯರ ಗುಂಪೊಂದರಲ್ಲೇ ಆರು ವರ್ಷ ಕಳೆದುಬಿಡಬೇಡಿ ಎಂಬುದು ನನ್ನ ಒತ್ತಾಯ.

ಪ್ರಶ್ನೆ: ಅಂಗರಚನಾಶಾಸ್ತ್ರದ ಶವಛೇದನ ಕೊಠಡಿಯಿಂದ ಬಂದ ಮೇಲೆ ಊಟ ಸೇರುತ್ತಿಲ್ಲ. ದೇಹ ದೇವರ ಆಲಯವೆಂದು ಕಲಿತವಳು ನಾನು. ಅದನ್ನು ಹೀಗೆ ಕತ್ತರಿಸುವುದು ಸರಿಯೇ? ಪುನರುತ್ಥಾನದ ದಿನ ಆ ವ್ಯಕ್ತಿಯ ಗತಿಯೇನು? — ಮೊದಲ ವರ್ಷದ ವಿದ್ಯಾರ್ಥಿನಿ

ಉತ್ತರ: ಊಟ ಸೇರದಿರುವುದು ಶವ ಕೆಡದಂತೆ ಬಳಸುವ ಫಾರ್ಮಲಿನ್ ದ್ರಾವಣದ ವಾಸನೆಗೂ ಮೊದಲ ಆಘಾತಕ್ಕೂ ದೇಹ ತೋರುವ ಸಹಜ ಪ್ರತಿಕ್ರಿಯೆ, ಬಹುತೇಕರಲ್ಲಿ ಅದು ಕೆಲವೇ ವಾರಗಳಲ್ಲಿ ಇಳಿಯುತ್ತದೆ. ಕೆಟ್ಟ ಕನಸುಗಳು ನಿಲ್ಲದಿದ್ದರೆ ವಿಭಾಗದ ಶಿಕ್ಷಕರಿಗೆ ಹೇಳಿ. ಅವರಿಗೆ ಇದು ಹೊಸ ಸುದ್ದಿಯಲ್ಲ.

ಮಧ್ಯಯುಗದಲ್ಲಿ ಧರ್ಮಸಭೆ ಶವಛೇದನವನ್ನು ನಿಷೇಧಿಸಿತ್ತೆಂಬ ಮಾತು ಚಾಲ್ತಿಯಲ್ಲಿದೆ. ಆದರೆ ಅದಕ್ಕೆ ಆಧಾರವಾಗಿ ತೋರಿಸುವ, 1299ರಲ್ಲಿ ಪೋಪ್ ಎಂಟನೆಯ ಬೋನಿಫೇಸ್ ಹೊರಡಿಸಿದ ಆಜ್ಞೆ ಬೇರೊಂದು ಪದ್ಧತಿಯ ಮೇಲಿತ್ತು. ದೂರದಲ್ಲಿ ಸತ್ತವರ ಮೂಳೆಗಳನ್ನು ಊರಿಗೆ ಸಾಗಿಸುವುದಕ್ಕಾಗಿ ಶವವನ್ನು ತುಂಡರಿಸಿ ಕುದಿಸುವ ಪದ್ಧತಿ ಅದು. ಅದಾಗಿ ಎರಡು ದಶಕ ಕಳೆಯುವ ಮುನ್ನವೇ ಇಟಲಿಯ ಬೊಲೊನ್ಯದಲ್ಲಿ ಮೊಂಡಿನೊ ದೇ ಲೂಜ್ಜಿ ವಿದ್ಯಾರ್ಥಿಗಳ ಮುಂದೆ ಶವಛೇದನ ನಡೆಸಿ ಅದರ ಮೇಲೆ ಗ್ರಂಥವನ್ನೂ ಬರೆದಿದ್ದ. ಇಂದಿನ ಕಥೋಲಿಕ ಬೋಧನೆ ವೈಜ್ಞಾನಿಕ ಅಗತ್ಯಕ್ಕಾಗಿ ಶವಪರೀಕ್ಷೆಯನ್ನು ಒಪ್ಪುತ್ತದೆ, ಮರಣಾನಂತರದ ಅಂಗದಾನವನ್ನು ಪುಣ್ಯದ ಕಾರ್ಯವೆಂದೂ ಕರೆಯುತ್ತದೆ. ಪುನರುತ್ಥಾನದ ಕುರಿತು ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೆಯ ಅಧ್ಯಾಯವನ್ನು ಓದಿ. ಬಿತ್ತಿದ ಕಾಳು ಇದ್ದ ರೂಪದಲ್ಲೇ ಮೇಲೇಳುವುದಿಲ್ಲವೆಂದು ಆತ ಅಲ್ಲಿ ವಾದಿಸುತ್ತಾನೆ. ಮಣ್ಣಿನಲ್ಲಿ ಕರಗಿದವರನ್ನು, ಸಮುದ್ರದ ಪಾಲಾದವರನ್ನು ಎಬ್ಬಿಸಬಲ್ಲ ದೇವರಿಗೆ ನಿಮ್ಮ ಚಾಕು ಅಡ್ಡಿಯಾಗಲಾರದು.

ನೀವು ಕೇಳದಿದ್ದರೂ ಇದಕ್ಕೆ ಸೇರಿದ ಇನ್ನೊಂದು ಪ್ರಶ್ನೆ ಇದೆ: ಆ ದೇಹ ಅಲ್ಲಿಗೆ ಬಂದದ್ದು ಹೇಗೆ? ತಾನಾಗಿ ಒಪ್ಪಿ ದಾನ ಮಾಡಿದವರದೋ, ಹೇಳುವವರು ಕೇಳುವವರು ಇಲ್ಲದೆ ಸತ್ತ ಬಡವರದೋ? ಅಂಗರಚನಾ ಶಾಸ್ತ್ರಜ್ಞರ ಅಂತರರಾಷ್ಟ್ರೀಯ ಒಕ್ಕೂಟ 2012ರಲ್ಲಿ ದಾನಿಯ ಒಪ್ಪಿಗೆಯಿಂದ ಬಂದ ದೇಹಗಳನ್ನೇ ಬಳಸಬೇಕೆಂದು ಶಿಫಾರಸು ಮಾಡಿತು, ಆದರೂ ಅನೇಕ ದೇಶಗಳಲ್ಲಿ ವಾರಸುದಾರರಿಲ್ಲದ ಶವಗಳ ಬಳಕೆ ನಿಂತಿಲ್ಲ. ಇದು ನೀವು ಒಬ್ಬರೇ ಬದಲಿಸಬಹುದಾದ ವ್ಯವಸ್ಥೆಯಲ್ಲ. ನಿಮ್ಮ ಕೈಯಲ್ಲಿರುವುದು ಇಷ್ಟು: ಮೇಜಿನ ಬಳಿ ನಗೆಚಾಟಿಕೆ ಬೇಡ, ಫೋಟೊ ಬೇಡ, ಕೆಲಸ ಮುಗಿದ ಮೇಲೆ ಬಟ್ಟೆ ಹೊದಿಸುವುದನ್ನು ಅಟೆಂಡರಿಗೆ ಬಿಡುವುದು ಬೇಡ. ಕಾಲೇಜಿನಲ್ಲಿ ದಾನಿಗಳಿಗಾಗಿ ವರ್ಷಕ್ಕೊಮ್ಮೆ ಕೃತಜ್ಞತಾ ಸಭೆ ನಡೆಯುತ್ತಿದ್ದರೆ ಅದಕ್ಕೆ ಹೋಗಿ. ನಡೆಯುತ್ತಿರದಿದ್ದರೆ ಎಲ್ಲ ಧರ್ಮದ ಸಹಪಾಠಿಗಳನ್ನೂ ಸೇರಿಸಿಕೊಂಡು ಅಂಥದೊಂದನ್ನು ನಡೆಸಬಹುದೇ ಎಂದು ವಿಭಾಗದಲ್ಲಿ ಕೇಳಿ.

ಪ್ರಶ್ನೆ: ವಾರ್ಡಿನಲ್ಲಿ ನೋವಿನಿಂದ ನರಳುವವರನ್ನು ನೋಡಿದಾಗ ಕೈಹಿಡಿದು ಪ್ರಾರ್ಥಿಸಬೇಕೆನಿಸುತ್ತದೆ. ಹಾಗೆ ಮಾಡದೆ ಬಂದಾಗ ಯೇಸುವನ್ನು ಅರಿಯೆನೆಂದ ಪೇತ್ರನ ನೆನಪಾಗುತ್ತದೆ. ಗೆಳೆಯರು ವೀಸಾ ಹೋದೀತು ಎಂದು ಹೆದರಿಸುತ್ತಾರೆ. — ನಾಲ್ಕನೆಯ ವರ್ಷದ ವಿದ್ಯಾರ್ಥಿ

ಉತ್ತರ: ನಿಮ್ಮ ಗೆಳೆಯರದು ಬರಿಯ ಹೆದರಿಕೆಯಲ್ಲ. ರಷ್ಯಾದಲ್ಲಿ 2016ರ ಕಾನೂನು ಧರ್ಮಪ್ರಚಾರವನ್ನು ಬಿಗಿಯಾದ ಷರತ್ತುಗಳಿಗೆ ಒಳಪಡಿಸಿದೆ. ಉಜ್ಬೇಕಿಸ್ತಾನದಲ್ಲಿ ಮತಾಂತರಕ್ಕಾಗಿ ಪ್ರಚಾರ ಮಾಡುವುದು ನಿಷಿದ್ಧ. ಚೀನಾದಲ್ಲಿ ವಿದೇಶಿಯರ ಧಾರ್ಮಿಕ ಚಟುವಟಿಕೆಗಳಿಗೆ 1994ರಿಂದಲೇ ಪ್ರತ್ಯೇಕ ನಿಯಮಗಳಿವೆ. ಆರಾಧನೆಗೆ ಹೋಗುವುದು ಬೇರೆ, ಹಾಸ್ಟೆಲ್ ಕೋಣೆಯಲ್ಲಿ ಸಭೆ ಸೇರಿಸುವುದು ಬೇರೆ, ಕರಪತ್ರ ಹಂಚುವುದು ಬೇರೆ. ಯಾವುದಕ್ಕೆ ಅನುಮತಿಯಿದೆ ಎಂಬುದನ್ನು ಆ ದೇಶದಲ್ಲಿ ನೋಂದಾಯಿತವಾದ ಸಭೆಯ ಹಿರಿಯರಿಂದಲೇ ಕೇಳಿ ತಿಳಿಯಬೇಕು. ನೀವು ಮಾಡಿದ ತಪ್ಪಿಗೆ ದಂಡ ತೆರುವವರು ಕೆಲವೊಮ್ಮೆ ಅಲ್ಲೇ ಉಳಿಯುವ ಆ ಸಭೆಯವರು.

ಆದರೆ ಕಾನೂನು ಏನೂ ಹೇಳದ ದೇಶದಲ್ಲಿಯೂ ನನ್ನ ಉತ್ತರ ಹೆಚ್ಚು ಬದಲಾಗುವುದಿಲ್ಲ. ಹಾಸಿಗೆಯಲ್ಲಿ ಮಲಗಿರುವವನಿಗೂ ಬಿಳಿ ಕೋಟು ತೊಟ್ಟು ನಿಂತಿರುವವನಿಗೂ ನಡುವೆ ಬಲದ ಅಂತರವಿದೆ. ಪ್ರಾರ್ಥಿಸಲೇ ಎಂದು ನೀವು ಕೇಳಿದರೆ, ಬೇಡವೆಂದರೆ ಆರೈಕೆ ಕಡಿಮೆಯಾದೀತೆಂದು ಅಳುಕಿ ಆತ ಹೂಂ ಎನ್ನಬಹುದು. ಬ್ರಿಟನ್ನಿನ ವೈದ್ಯರ ನಿಯಂತ್ರಣ ಸಂಸ್ಥೆಯಾದ ಜನರಲ್ ಮೆಡಿಕಲ್ ಕೌನ್ಸಿಲ್ 2013ರಲ್ಲಿ ಪ್ರಕಟಿಸಿದ ಮಾರ್ಗದರ್ಶನ ಈ ಕಾರಣಕ್ಕಾಗಿಯೇ, ರೋಗಿ ತಾನಾಗಿ ಕೇಳಿದಾಗ ಅಥವಾ ಅಂಥ ಮಾತು ತನಗೆ ಬೇಕೆಂದು ಸೂಚಿಸಿದಾಗ ಮಾತ್ರ ವೈದ್ಯರು ತಮ್ಮ ನಂಬಿಕೆಯ ಬಗ್ಗೆ ಮಾತನಾಡಬಹುದೆಂದು ಹೇಳಿತು. ನಿಮ್ಮ ವಿಶ್ವಾಸಕ್ಕೆ ಇದರಿಂದ ಯಾವ ಕುಂದೂ ಇಲ್ಲವೆಂದು ನಾನು ತಿಳಿದಿದ್ದೇನೆ. ದಯಾಳುವಾದ ಸಮಾರ್ಯದವನ ಕಥೆಯಲ್ಲಿ ಗಾಯಕ್ಕೆ ಎಣ್ಣೆಯೂ ದ್ರಾಕ್ಷಾರಸವೂ ಇವೆ, ಪಟ್ಟಿ ಕಟ್ಟುವುದಿದೆ, ಛತ್ರದ ಖರ್ಚಿಗೆ ಹಣವೂ ಇದೆ. ಉಪದೇಶದ ಒಂದು ಮಾತೂ ಇಲ್ಲ.

ರೋಗಿಯೇ ಕೇಳಿದರೆ? ನೀವಿನ್ನೂ ವಿದ್ಯಾರ್ಥಿ, ನಿಮ್ಮ ಮೇಲ್ವಿಚಾರಕರಿಗೆ ಅಥವಾ ವಾರ್ಡಿನ ಹಿರಿಯ ನರ್ಸಿಗೆ ತಿಳಿಸಿ. ಆಸ್ಪತ್ರೆಯಲ್ಲಿ ಗುರುಗಳಿದ್ದರೆ ಅವರನ್ನು ಕರೆಯಿಸಿ. ನೀವೇ ಪ್ರಾರ್ಥಿಸಬೇಕಾಗಿ ಬಂದರೆ ಚಿಕ್ಕದಾಗಿ, ಪಕ್ಕದ ಹಾಸಿಗೆಗೆ ಕೇಳಿಸದಂತೆ ಪ್ರಾರ್ಥಿಸಿ. ವಾಸಿಯಾಗುತ್ತೀರಿ ಎಂಬ ಭರವಸೆ ಕೊಡಬೇಡಿ, ಔಷಧಿಯ ಬಗ್ಗೆ ಸಂಶಯ ಹುಟ್ಟಿಸುವ ಒಂದು ಶಬ್ದವನ್ನೂ ಆಡಬೇಡಿ. ಬೇರೆ ಧರ್ಮದ ರೋಗಿ ಕಳವಳದಲ್ಲಿದ್ದರೆ ಅವರ ಧರ್ಮದವರನ್ನು ಕರೆಯಿಸಲು ಓಡಾಡುವುದೂ ನಿಮ್ಮ ಕೆಲಸವೇ. ಸಾವಿನ ಅಂಚಿನಲ್ಲಿರುವವರನ್ನು ಆರೈಕೆ ಮಾಡುವ ಆಧುನಿಕ ಹಾಸ್ಪಿಸ್ ಸೇವೆಗೆ ತಳಹದಿ ಹಾಕಿದ ಸಿಸಿಲಿ ಸಾಂಡರ್ಸ್ ಗಾಢ ವಿಶ್ವಾಸದ ಕ್ರೈಸ್ತರು. ನರ್ಸ್ ಆಗಿ, ಸಮಾಜ ಕಾರ್ಯಕರ್ತೆಯಾಗಿ ದುಡಿದು, 1957ರಲ್ಲಿ ವೈದ್ಯ ಪದವಿ ಪಡೆದವರು. ಸಾಯುವವರ ನೋವು ದೇಹದ್ದಷ್ಟೇ ಅಲ್ಲ, ಮನಸ್ಸಿನದೂ ಸಂಬಂಧಗಳದೂ ಆತ್ಮದ್ದೂ ಹೌದೆಂದು ಕಲಿಸಿದ ಅವರು 1967ರಲ್ಲಿ ಲಂಡನ್ನಿನಲ್ಲಿ ಆರಂಭಿಸಿದ ಸೇಂಟ್ ಕ್ರಿಸ್ಟೊಫರ್ಸ್ ಹಾಸ್ಪಿಸಿನ ಬಾಗಿಲು ಎಲ್ಲ ಧರ್ಮದವರಿಗೂ ಯಾವ ಧರ್ಮವೂ ಇಲ್ಲದವರಿಗೂ ತೆರೆದಿತ್ತು.

ಮೌನ ಪ್ರಾರ್ಥನೆಗೆ ಯಾರ ಅನುಮತಿಯೂ ಬೇಡ. ಸಾಬೂನಿನಿಂದ ಕೈ ತೊಳೆಯಲು 40ರಿಂದ 60 ಸೆಕೆಂಡು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮುಂದಿನ ಹಾಸಿಗೆಯಲ್ಲಿರುವವರ ಹೆಸರನ್ನು ದೇವರ ಮುಂದಿಡಲು ಅಷ್ಟು ಸಮಯ ಸಾಕು; ಕೈಯನ್ನೂ ನೀವು ಪೂರ್ತಿ ತೊಳೆದಂತಾಯಿತು.

ಪ್ರಶ್ನೆ: ಸ್ತ್ರೀರೋಗ ವಿಭಾಗದಲ್ಲಿ ಗರ್ಭಪಾತದ ಪ್ರಕ್ರಿಯೆಗಳನ್ನು ನೋಡಬೇಕೆಂದಿದ್ದಾರೆ. ನನ್ನ ಮನಸ್ಸಾಕ್ಷಿ ಒಪ್ಪುವುದಿಲ್ಲ. ಆದರೆ ಇಲ್ಲವೆನ್ನಲು ಧೈರ್ಯವಿಲ್ಲ. — ಐದನೆಯ ವರ್ಷದ ವಿದ್ಯಾರ್ಥಿನಿ

ಉತ್ತರ: ಮೊದಲು ನೀವಿರುವ ದೇಶದ ನಿಯಮವನ್ನು ತಿಳಿಯಿರಿ, ಏಕೆಂದರೆ ಅದು ಎಲ್ಲೆಡೆ ಒಂದೇ ಅಲ್ಲ. ಬ್ರಿಟನ್ನಿನ 1967ರ ಗರ್ಭಪಾತ ಕಾಯಿದೆ ಮನಸ್ಸಾಕ್ಷಿಯ ಕಾರಣಕ್ಕೆ ಇದರಿಂದ ದೂರವಿರಲು ಅವಕಾಶ ಕೊಡುತ್ತದೆ, ಆದರೆ ತಾಯಿಯ ಜೀವಕ್ಕೆ ಅಪಾಯವಿದ್ದಾಗ ಆ ಅವಕಾಶವಿಲ್ಲ. ಆ ರಕ್ಷಣೆ ಪ್ರಕ್ರಿಯೆಯಲ್ಲಿ ನೇರವಾಗಿ ಕೈಹಾಕುವವರಿಗೆ ಮಾತ್ರವೆಂದು 2014ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿತು. ಸ್ವೀಡನ್ನಿನಲ್ಲಿ ಇಂಥ ಹಕ್ಕೇ ಇಲ್ಲ. ಗರ್ಭಪಾತದಲ್ಲಿ ಪಾಲ್ಗೊಳ್ಳುವುದಿಲ್ಲವೆಂದದ್ದಕ್ಕೆ ಅಲ್ಲಿ ಕೆಲಸ ಸಿಗದ ಸೂಲಗಿತ್ತಿಯೊಬ್ಬರ ಅರ್ಜಿಯನ್ನು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2020ರಲ್ಲಿ ವಿಚಾರಣೆಗೆ ಅಂಗೀಕರಿಸಲಿಲ್ಲ.

ವಿದ್ಯಾರ್ಥಿಯಾಗಿ ನೀವು ವಿಷಯವನ್ನು ಕಲಿಯಲೇಬೇಕು: ಕಾನೂನು, ವಿಧಾನ, ತೊಡಕುಗಳು ಎಲ್ಲವನ್ನೂ. ಗರ್ಭ ತಾನಾಗಿ ಇಳಿದು ರಕ್ತಸ್ರಾವದಿಂದ ಬಂದ ಹೆಂಗಸಿಗೆ ಮಾಡುವ ಚಿಕಿತ್ಸೆಯ ಕೌಶಲ ಬಹುಮಟ್ಟಿಗೆ ಅದೇ. ಅದನ್ನು ಕಲಿಯದ ವೈದ್ಯೆ ಯಾವ ಧರ್ಮದವಳಾದರೂ ಅಪಾಯಕಾರಿ. ಪ್ರತ್ಯಕ್ಷ ಪಾಲ್ಗೊಳ್ಳುವಿಕೆ ಬೇಡವೆಂದಾದರೆ, ಆ ಪೋಸ್ಟಿಂಗ್ ಆರಂಭವಾಗುವ ಮೊದಲೇ ವಿಭಾಗದ ಮುಖ್ಯಸ್ಥರನ್ನು ಖಾಸಗಿಯಾಗಿ ಕಂಡು, ಕಾರಣವನ್ನು ಎರಡು ವಾಕ್ಯಗಳಲ್ಲಿ ಹೇಳಿ, ಅದರ ಬದಲಿಗೆ ಯಾವ ಕೆಲಸ ವಹಿಸಲಿ ಎಂದು ನೀವೇ ಕೇಳಿ. ಕಷ್ಟದ ಪಾಳಿ ತಪ್ಪಿಸಿಕೊಳ್ಳಲು ಮನಸ್ಸಾಕ್ಷಿಯನ್ನು ಮುಂದೆ ಮಾಡುವವರೂ ಇರುವುದರಿಂದ, ಹೆಚ್ಚಿನ ಕೆಲಸವನ್ನು ಬೇಡಿ ಪಡೆದವರ ಮಾತಿಗೆ ತೂಕ ಬರುತ್ತದೆ. ಗರ್ಭಪಾತದ ನಂತರ ಜ್ವರದಿಂದಲೋ ರಕ್ತಸ್ರಾವದಿಂದಲೋ ಬಳಲುತ್ತಿರುವವಳ ಆರೈಕೆಯಿಂದ ಮಾತ್ರ ಎಂದಿಗೂ ಹಿಂದೆ ಸರಿಯಬೇಡಿ. ನಿಮ್ಮ ನಿಲುವು ಅವಳ ಎದುರು ನಿಮ್ಮ ಮುಖದ ಮೇಲೂ ಕಾಣಬಾರದು.

ಪ್ರಶ್ನೆ: ಅಪ್ಪ ಸಾಲ ಮಾಡಿ ಕಳಿಸುವ ಹಣದಲ್ಲಿ ಹತ್ತನೆಯ ಒಂದು ಪಾಲನ್ನು ದಶಮಾಂಶವೆಂದು ಸಭೆಗೆ ಕೊಡಬೇಕೇ?

ಉತ್ತರ: ಬೇಡ. ಅದು ನಿಮ್ಮ ದುಡಿಮೆಯಲ್ಲ, ಒಂದು ಕೆಲಸಕ್ಕೆಂದು ಕೊಟ್ಟ ಹಣ. ತಂದೆತಾಯಿಗಳಿಗೆ ಸಲ್ಲಬೇಕಾದದ್ದನ್ನು ದೇವರಿಗೆ ಮುಡಿಪೆಂದು ಹೇಳಿ ಕೈಬಿಡುವವರನ್ನು ಯೇಸು ಸ್ವಾಮಿ ಎಷ್ಟು ಕಟುವಾಗಿ ಟೀಕಿಸಿದರೆಂಬುದು ಮಾರ್ಕನ ಸುವಾರ್ತೆಯ 7ನೆಯ ಅಧ್ಯಾಯದಲ್ಲಿದೆ. ಸಭೆಯಲ್ಲಿ ಕುರ್ಚಿ ಜೋಡಿಸಿ, ಹೊಸದಾಗಿ ಬಂದ ವಿದ್ಯಾರ್ಥಿಗಳನ್ನು ಬ್ಯಾಂಕಿಗೆ, ನೋಂದಣಿ ಕಚೇರಿಗೆ ಕರೆದುಕೊಂಡು ಹೋಗಿ. ಸದ್ಯಕ್ಕೆ ಅದೇ ನಿಮ್ಮ ಕಾಣಿಕೆ.

ಪ್ರಶ್ನೆ: ಬಯೋಕೆಮಿಸ್ಟ್ರಿಯಲ್ಲಿ ಎರಡನೆಯ ಸಲ ಫೇಲಾದೆ. ಪ್ರಾರ್ಥನೆ ಕಡಿಮೆಯಾದದ್ದೇ ಕಾರಣವೆಂದು ಮನೆಯವರು ಹೇಳುತ್ತಾರೆ. ನಿಜ ಹೇಳಬೇಕೆಂದರೆ ಪ್ರಾರ್ಥಿಸಲು ಕುಳಿತರೆ ಏನೂ ಅನ್ನಿಸುವುದಿಲ್ಲ. ಬೆಳಿಗ್ಗೆ ಏಳುವುದೇ ಬೇಡವೆನಿಸುತ್ತದೆ. ದೇವರು ನನ್ನನ್ನು ಕೈಬಿಟ್ಟರೇ? — ಹೆಸರು ಬೇಡ

ಉತ್ತರ: ನಿಮ್ಮ ಪತ್ರದಲ್ಲಿ ನಾನು ಎರಡು ಸಲ ಓದಿದ ವಾಕ್ಯ ಪ್ರಾರ್ಥನೆಯ ಬಗೆಗಿನದಲ್ಲ, ಬೆಳಿಗ್ಗೆ ಏಳುವುದೇ ಬೇಡವೆನಿಸುತ್ತದೆ ಎಂಬುದು. ಎರಡು ವಾರಕ್ಕೂ ಹೆಚ್ಚು ಕಾಲ ದಿನದ ಬಹುಭಾಗ ಮನಸ್ಸು ಕುಗ್ಗಿರುವುದು, ಹಿಂದೆ ಇಷ್ಟವಾಗುತ್ತಿದ್ದ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ನಿದ್ದೆ, ಹಸಿವು, ಏಕಾಗ್ರತೆಗಳು ಕೆಡುವುದು ಖಿನ್ನತೆಯ ಲಕ್ಷಣಗಳೆಂದು ನೀವೇ ಮುಂದೆ ಮನೋವೈದ್ಯ ವಿಭಾಗದಲ್ಲಿ ಕಲಿಯಲಿದ್ದೀರಿ. ಪ್ರಾರ್ಥನೆಯಲ್ಲಿ ಏನೂ ಅನ್ನಿಸದಿರುವುದು ಆ ಕಾಯಿಲೆಯದೇ ಒಂದು ಭಾಗವಾಗಿರಬಹುದು. 43 ದೇಶಗಳ ವೈದ್ಯಕೀಯ ವಿದ್ಯಾರ್ಥಿಗಳ ಕುರಿತ ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯೊಂದರಲ್ಲಿ ಶೇಕಡಾ 27ರಷ್ಟು ಮಂದಿಯಲ್ಲಿ ಖಿನ್ನತೆ ಅಥವಾ ಅದರ ಲಕ್ಷಣಗಳು ಕಂಡುಬಂದವು. ಹಾಗೆ ಕಂಡುಬಂದವರಲ್ಲಿ ಚಿಕಿತ್ಸೆ ಪಡೆಯಲು ಹೋದವರು ಶೇಕಡಾ 16ರಷ್ಟು ಮಾತ್ರ. ಕಾಲೇಜಿನ ಆಪ್ತಸಮಾಲೋಚಕರನ್ನೋ ವಿದ್ಯಾರ್ಥಿಗಳ ಚಿಕಿತ್ಸಾಲಯವನ್ನೋ ಈ ವಾರವೇ ಕಾಣಿ. ಬದುಕು ಬೇಡವೆಂಬ ಯೋಚನೆ ಸುಳಿದರೆ ವಾರದವರೆಗೂ ಕಾಯಬೇಡಿ. ಅಂದೇ, ಆ ಗಂಟೆಯಲ್ಲೇ, ಪಕ್ಕದ ಕೋಣೆಯವರನ್ನಾದರೂ ಎಬ್ಬಿಸಿ ಹೇಳಿ, ಅವರ ಜೊತೆಗೇ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.

ಎಲೀಯನ ಕಥೆ ನಿಮಗೆ ಗೊತ್ತಿರುತ್ತದೆ. ಮೊದಲನೆಯ ಅರಸುಗಳ ಗ್ರಂಥದ 19ನೆಯ ಅಧ್ಯಾಯದಲ್ಲಿ ಆ ಪ್ರವಾದಿ ಗಿಡವೊಂದರ ಕೆಳಗೆ ಕುಳಿತು ಸಾವನ್ನು ಬೇಡುತ್ತಾನೆ. ಆಗ ಬಂದ ದೇವದೂತ ಅವನಿಗೆ ವಿಶ್ವಾಸ ಸಾಲದು ಎನ್ನಲಿಲ್ಲ. ಎಬ್ಬಿಸಿ ರೊಟ್ಟಿ ಕೊಟ್ಟ, ನೀರು ಕೊಟ್ಟ, ಮಲಗಲು ಬಿಟ್ಟ. ಎದ್ದ ಮೇಲೆ ಮತ್ತೊಮ್ಮೆ ಊಟ ಕೊಟ್ಟ, ದಾರಿ ದೀರ್ಘವಾಗಿದೆ ಎಂದ. ಇಲ್ಲಿ ಏನು ಮಾಡುತ್ತಿದ್ದೀ ಎಂಬ ದೇವರ ಪ್ರಶ್ನೆ ಬಂದದ್ದು ಅವನು ಉಂಡು, ಮಲಗಿ, ನಡೆಯುವ ಶಕ್ತಿ ಪಡೆದ ಮೇಲೆ. ಮನೆಯವರಿಗೆ ಈ ಅಧ್ಯಾಯವನ್ನು ಓದಿ ಹೇಳಬಹುದು. ಅವರ ಮಾತಿನ ಹಿಂದಿರುವುದು ಬಹುಶಃ ಭಯ. ದೂರದಲ್ಲಿರುವ ಅವರಿಗೆ ಪ್ರಾರ್ಥನೆಯೊಂದೇ ಕೈಗೆಟುಕುವ ಉಪಾಯವಾಗಿರುವುದರಿಂದ ಅದನ್ನೇ ಕಾರಣವಾಗಿಯೂ ಕಾಣುತ್ತಾರೆ. ಆದರೆ ಫೇಲಾದದ್ದಕ್ಕೆ ಉತ್ತರಪತ್ರಿಕೆಯಲ್ಲಿ ಕಾರಣ ಹುಡುಕಿ. ಅದನ್ನು ನೋಡಲು ಅವಕಾಶವಿದ್ದರೆ ನೋಡಿ, ಪಾಸಾದವರೊಬ್ಬರ ಜೊತೆ ಕುಳಿತು ಹಳೆಯ ಪ್ರಶ್ನೆಗಳನ್ನು ಪುಸ್ತಕ ಮುಚ್ಚಿ ಬಿಡಿಸಿ. ಓದಿದ್ದನ್ನೇ ಮತ್ತೆ ಮತ್ತೆ ಓದುವುದಕ್ಕಿಂತ ನೆನಪಿನಿಂದ ಬರೆದು ನೋಡುವುದು ಹೆಚ್ಚು ಫಲ ಕೊಡುತ್ತದೆ.

ಪ್ರಾರ್ಥನೆಯ ಬಗ್ಗೆ ಇಷ್ಟೇ: ಸ್ವಂತ ಮಾತು ಹುಟ್ಟದ ದಿನಗಳಿಗಾಗಿಯೇ ಸಭೆ ಇತರರ ಮಾತುಗಳನ್ನು ಉಳಿಸಿಟ್ಟಿದೆ. ಕಥೋಲಿಕರಿಗೆ ಜಪಸರವಿದೆ, ಎಲ್ಲರಿಗೂ ಕೀರ್ತನೆಗಳಿವೆ. 88ನೆಯ ಕೀರ್ತನೆಯನ್ನು ಓದಿ; ಅದು ಯಾವ ಸಮಾಧಾನಕ್ಕೂ ಬಾರದೆ ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ, ಆದರೂ ಅದನ್ನು ಸತ್ಯವೇದದಿಂದ ಯಾರೂ ತೆಗೆದುಹಾಕಲಿಲ್ಲ. ದಿನಕ್ಕೊಂದು ಕೀರ್ತನೆ, ಅದೂ ಅನ್ನಿಸಿದರೂ ಅನ್ನಿಸದಿದ್ದರೂ. ಅದಕ್ಕಿಂತ ಹೆಚ್ಚಿನದನ್ನು ಈಗ ನಿಮ್ಮಿಂದ ನೀವೇ ಬೇಡಬೇಡಿ.

ಪ್ರಶ್ನೆ: ಸೀಟು ಸಿಕ್ಕಾಗ, ಓದು ಮುಗಿದ ಮೇಲೆ ಬಡವರ ಆಸ್ಪತ್ರೆಯಲ್ಲಿ ಸೇವೆ ಮಾಡುತ್ತೇನೆಂದು ಹರಕೆ ಹೊತ್ತಿದ್ದೆ. ಈಗ ಇಲ್ಲಿಯೇ ಶಸ್ತ್ರಚಿಕಿತ್ಸೆಯಲ್ಲಿ ಉನ್ನತ ವ್ಯಾಸಂಗ ಮಾಡುವ ಆಸೆಯಾಗಿದೆ. ಹರಕೆ ಮುರಿದಂತಾಗುವುದೇ? — ಕೊನೆಯ ವರ್ಷದ ವಿದ್ಯಾರ್ಥಿ

ಉತ್ತರ: ಹರಕೆ ಹೊರದಿರುವುದು ಪಾಪವಲ್ಲ, ಹೊತ್ತ ಮೇಲೆ ತಡಮಾಡಬಾರದು ಎಂದು ಧರ್ಮೋಪದೇಶಕಾಂಡವೂ ಪ್ರಸಂಗಿಯ ಗ್ರಂಥವೂ ಒಂದೇ ದನಿಯಲ್ಲಿ ಹೇಳುತ್ತವೆ. ಆದ್ದರಿಂದ ನಿಮ್ಮ ಮಾತನ್ನು ನಾನು ಚಿಕ್ಕದಾಗಿಸುವುದಿಲ್ಲ. ನೀವು ಕಥೋಲಿಕರಾಗಿದ್ದರೆ, ನ್ಯಾಯವಾದ ಕಾರಣವಿದ್ದಾಗ ವೈಯಕ್ತಿಕ ಹರಕೆಯಿಂದ ಬಿಡುಗಡೆ ಕೊಡುವ ಅಧಿಕಾರ ಧರ್ಮಕೇಂದ್ರದ ಗುರುಗಳಿಗೆ ಇದೆ ಎಂಬುದನ್ನು ತಿಳಿದಿರಿ. ಆದರೆ ಅಲ್ಲಿಯವರೆಗೆ ಹೋಗಬೇಕೇ ಎಂಬುದೇ ನನ್ನ ಅನುಮಾನ, ಏಕೆಂದರೆ ಉನ್ನತ ವ್ಯಾಸಂಗಕ್ಕೂ ಬಡವರ ಸೇವೆಗೂ ನೀವು ಕಾಣುತ್ತಿರುವ ವಿರೋಧ ನನಗೆ ಕಾಣುತ್ತಿಲ್ಲ.

ಲಂಡನ್ನಿನಲ್ಲಿ ಶಸ್ತ್ರಚಿಕಿತ್ಸೆ ಕಲಿತ ಪಾಲ್ ಬ್ರಾಂಡ್ 1946ರಲ್ಲಿ ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿಗೆ ಬಂದರು. ಕುಷ್ಠರೋಗದಿಂದ ಸೊಟ್ಟಗಾದ ಬೆರಳುಗಳಿಗೆ ಸ್ನಾಯುರಜ್ಜುಗಳನ್ನು ಸ್ಥಳಾಂತರಿಸಿ ಮತ್ತೆ ಚಲನೆ ತರುವ ಶಸ್ತ್ರಚಿಕಿತ್ಸೆಯನ್ನು ಅವರು ಬೆಳೆಸಲು ಸಾಧ್ಯವಾದದ್ದು ಆ ತರಬೇತಿ ಇದ್ದುದರಿಂದಲೇ. ಅದಕ್ಕೂ ಮುಂಚೆ, ಭಾರತದ ಕ್ರೈಸ್ತ ಮಹಿಳೆ ಗುರುಬಾಯಿ ಕರ್ಮರ್ಕರ್ ಅಮೆರಿಕದ ಪೆನ್ಸಿಲ್ವೇನಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಿಂದ 1892ರಲ್ಲಿ ಪದವಿ ಪಡೆದು, ಮರುವರ್ಷ ಹಿಂತಿರುಗಿ, ಮುಂಬಯಿಯ ಅಮೆರಿಕನ್ ಮರಾಠಿ ಮಿಷನ್ನಿನಲ್ಲಿ 23 ವರ್ಷ, ಸಮಾಜ ದೂರವಿಟ್ಟಿದ್ದ ಜನರ ನಡುವೆ ದುಡಿದರು. ಹೆಣ್ಣುಮಕ್ಕಳಿಗೆ ವೈದ್ಯಕೀಯ ಓದಿನ ಬಾಗಿಲು ಆಗಷ್ಟೇ ತೆರೆಯುತ್ತಿದ್ದ ಕಾಲದಲ್ಲಿ ಸಮುದ್ರ ದಾಟಿದ ಈಕೆಯ ಹೆಸರು ನಮ್ಮ ಸಭೆಗಳಲ್ಲಿ ಅಪರೂಪಕ್ಕೂ ಕೇಳಿಬರುವುದಿಲ್ಲ ಎಂಬುದು ನನ್ನ ಬಹುದಿನದ ಬೇಸರ.

ಅಪಾಯವಿರುವುದು ಬೇರೆ ಕಡೆ. ವ್ಯಾಸಂಗ ಮುಗಿಯುವಷ್ಟರಲ್ಲಿ ಸಾಲ, ಮದುವೆ, ಮನೆ, ಮಕ್ಕಳ ಶಾಲೆ ಒಂದರ ಹಿಂದೊಂದು ಬಂದು, ಹರಕೆಯನ್ನು ಮುರಿಯದೆಯೇ ಮುಂದೂಡುತ್ತ ಹೋಗುವುದು ಸುಲಭ. ಆದ್ದರಿಂದ ಅರ್ಜಿ ಹಾಕುವ ಮುನ್ನ, ನೀವು ಮನಸ್ಸಿನಲ್ಲಿಟ್ಟುಕೊಂಡಿರುವಂಥ ಎರಡು ಮೂರು ಆಸ್ಪತ್ರೆಗಳ ವೈದ್ಯಾಧಿಕಾರಿಗಳಿಗೆ ಪತ್ರ ಬರೆದು, ಅವರಲ್ಲಿ ಯಾವ ತಜ್ಞರ ಕೊರತೆ ಇದೆ ಎಂದು ಕೇಳಿ. ಅವರಿಗೆ ಬೇಕಾದದ್ದು ಸಾಮಾನ್ಯ ಶಸ್ತ್ರಚಿಕಿತ್ಸಕನಾಗಿರಬಹುದು, ಅರಿವಳಿಕೆ ತಜ್ಞನಾಗಿರಬಹುದು. ನಿಮಗೆ ಇಷ್ಟವಾದ ಸೂಕ್ಷ್ಮ ವಿಭಾಗ ಅಲ್ಲಿ ನಡೆಯುವುದೇ ಇಲ್ಲವೆಂದೂ ತಿಳಿದುಬರಬಹುದು. ಮುಂದಿನ ರಜೆಯಲ್ಲಿ ಕೆಲವು ವಾರ ಅಲ್ಲಿ ಹೋಗಿ ಕೆಲಸ ನೋಡಿ. ವ್ಯಾಸಂಗದ ವಿಷಯವನ್ನು ಅದಾದ ಮೇಲೆ ಆರಿಸಿಕೊಳ್ಳಿ, ಹಿಂತಿರುಗುವ ವರ್ಷವನ್ನು ಮನೆಯವರಿಗೂ, ಮದುವೆಯ ಮಾತುಕತೆ ನಡೆಯುವಾಗ ಆ ಕಡೆಯವರಿಗೂ ಮೊದಲೇ ತಿಳಿಸಿ.